ಅಳಿವೆಯ ಜಟ್ಟಮ್ಮ ಮತ್ತು ಕಡಲು ಕುಡಿದ ಕ್ಯಾಸೆಟ್ಟು

ಬಹಳ ಹಿಂದಿನ ಮಾತು ಇದು. ಎಷ್ಟು ಹಿಂದೆ ಅಂತ ಕೇಳಬೇಡಿ, ನನಗೆ ಹೇಳಿದ ನನ್ನ ದೊಡ್ಡಮ್ಮನಿಗೂ ಅದು ಸರಿಯಾಗಿ ನೆನಪಿರಲಿಲ್ಲ. ಹೊಳೆ ಬಂದು ಕಡಲು ಸೇರುವ ಅಳಿವೆಯ ಹತ್ತಿರ ಒಂದು ಊರಿತ್ತು. ಕರಿಬೇಲೆ ಅಂತ ಹೆಸರು. ಗಂಡಸರೆಲ್ಲ ಮೀನಿಗೆ ಹೋಗುವವರು, ಹೆಂಗಸರೆಲ್ಲ ಮೀನು ಮಾರುವವರು. ಆ ಊರಲ್ಲಿ ಜಟ್ಟಮ್ಮ ಅಂತ ಒಬ್ಬಳಿದ್ದಳು. ಸತ್ತ ಕ್ಯಾಸೆಟ್ಟಿಗೆ ಜೀವ ಕೊಡುತ್ತಿದ್ದಳು ಅಂತಾರೆ.

ಕ್ಯಾಸೆಟ್ಟು ಅಂದರೆ ಹಾಡಿನ ಕ್ಯಾಸೆಟ್ಟಲ್ಲ, ವೀಡಿಯೋ ಗೇಮಿನದು. ನೀವು ಓದಿದವರು ಕಾರ್ಟ್ರಿಜ್ ಅನ್ನುತ್ತೀರಿ. ಕರಿಬೇಲೆಯಲ್ಲಿ ಯಾರ ನಾಲಿಗೆಗೂ ಆ ಹೆಸರು ಹೊರಳಲಿಲ್ಲ, ಕ್ಯಾಸೆಟ್ಟು ಅಂತಲೇ ಕರೆದರು. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ. ಅದಕ್ಕೊಂದು ಬಾಯಿ. ಬಾಯೊಳಗೆ ಹಲ್ಲಿನ ಸಾಲಿನ ಹಾಗೆ ಹಳದಿ ತಗಡಿನ ಗೆರೆಗಳು. ಟೀವಿಗೆ ಒಂದು ಪೆಟ್ಟಿಗೆ ಜೋಡಿಸಿ, ಪೆಟ್ಟಿಗೆಯ ನೆತ್ತಿಯಲ್ಲಿ ಈ ಕ್ಯಾಸೆಟ್ಟನ್ನು ಒತ್ತಿ ಕೂರಿಸಿದರೆ ಟೀವಿಯೊಳಗೆ ಆಟ ಬರುತ್ತಿತ್ತು. ಹಡಗಿನ ಕೆಲಸಕ್ಕೆ ಹೋದವರು ತಂದರು, ಪೇಟೆಗೆ ಹೋದವರು ತಂದರು, ಅಂತೂ ಕರಿಬೇಲೆಯ ಮನೆಮನೆಗೂ ಅದು ಬಂತು. ಮಳೆಗಾಲದಲ್ಲಿ ಕಡಲಿಗೆ ಇಳಿಯುವ ಹಾಗಿಲ್ಲ, ದೋಣಿಯೆಲ್ಲ ದಡ ಹತ್ತಿ ಕೂತಿರುತ್ತವೆ. ಆಗ ಮೀಸೆ ನರೆತ ಗಂಡಸರೂ ಚಾಪೆ ಹಾಸಿ ಕೂತು, ಮಕ್ಕಳ ಜತೆ ಜಗಳ ಮಾಡಿಕೊಂಡು ಆಡುತ್ತಿದ್ದರಂತೆ.

ಆದರೆ ಅದು ಉಪ್ಪುಗಾಳಿಯ ಊರು. ಹೊಸ ಬೀಗ ತಂದು ಹಾಕಿದರೆ ಮಳೆ ಮುಗಿಯುವುದರೊಳಗೆ ಬೀಗದ ಕೈ ಒಳಗೇ ಮುರಿದು ಕೂರುತ್ತಿತ್ತು. ಹೊಲಿಗೆ ಸೂಜಿಯನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿಡಬೇಕು. ಇನ್ನು ಕ್ಯಾಸೆಟ್ಟಿನ ತಗಡಿನ ಹಲ್ಲು ಯಾವ ಲೆಕ್ಕ? ಮೊದಲು ಮಂಕಾಗುತ್ತಿತ್ತು, ಆಮೇಲೆ ಕಪ್ಪಾಗುತ್ತಿತ್ತು, ಆಮೇಲೆ ಹಸಿರು ಹಿಡಿಯುತ್ತಿತ್ತು. ಪೆಟ್ಟಿಗೆಗೆ ಹಾಕಿದರೆ ಟೀವಿ ಬರೀ ಬಿಳಿ. ಆಗ ಎಲ್ಲರೂ ಏನು ಮಾಡುತ್ತಿದ್ದರು? ಊದುತ್ತಿದ್ದರು. ಕ್ಯಾಸೆಟ್ಟು ತೆಗೆ, ಬಾಯಿಗೆ ಬಾಯಿಟ್ಟು ಉಫ್ ಅಂತ ಊದು, ಮತ್ತೆ ಹಾಕು. ಒಮ್ಮೊಮ್ಮೆ ನಡೆಯುತ್ತಿತ್ತು. ನಡೆದರೆ, ನನ್ನ ಉಸಿರಿಂದಲೇ ನಡೆಯಿತು ಅಂತ ಎದೆ ಉಬ್ಬಿಸುವುದು. ನಡೆಯದಿದ್ದರೆ ಜಟ್ಟಮ್ಮನ ಹತ್ತಿರ ಓಡುವುದು.

ಜಟ್ಟಮ್ಮನ ಮನೆ ಊರೊಳಗಿರಲಿಲ್ಲ. ಅಳಿವೆಯ ನಡುವೆ ಒಂದು ಮರಳ ದಿಬ್ಬ, ಅದರ ಮೇಲೆ ಹಂಚಿನ ಒಂದು ಮನೆ. ಹೋಗಬೇಕಾದರೆ ಪಾತಿ ಅನ್ನುವ ಸಣ್ಣ ದೋಣಿ ಹತ್ತಬೇಕು. ಅವಳ ಅಪ್ಪ ಈರಯ್ಯ ರೇಡಿಯೋ ರಿಪೇರಿ ಮಾಡುತ್ತಿದ್ದವನು. ದೋಣಿಯವರ ವೈರ್‌ಲೆಸ್ಸು, ಟಾರ್ಚು, ಟ್ರಾನ್ಸಿಸ್ಟರು ಎಲ್ಲ ಅವನ ಕೈಗೇ ಬರುತ್ತಿದ್ದವು. ಜಟ್ಟಮ್ಮ ಮದುವೆಯಾಗಿ ಹೋದವಳು, ಒಗ್ಗದೆ ಬೇಗ ವಾಪಸು ಬಂದಳು. ಯಾಕೆ ಅಂತ ಈರಯ್ಯ ಕೇಳಲಿಲ್ಲವಂತೆ. ಕಾದ ಬೆಸುಗೆ ಕಡ್ಡಿಯನ್ನು ಅವಳ ಕೈಗೆ ಕೊಟ್ಟು, "ಇದನ್ನು ಹಿಡಿ, ನಾನು ತಂತಿ ಹಿಡಿಯುತ್ತೇನೆ" ಅಂದನಂತೆ. ಅವತ್ತಿಂದ ಅಪ್ಪ ಮಗಳು ಒಟ್ಟಿಗೆ ಕೂತರು. ಆಮೇಲೆ ಈರಯ್ಯನ ಕಣ್ಣು ಹೋಯಿತು. ಕಣ್ಣು ಹೋದ ಮೇಲೂ ಅವನು ಪಕ್ಕದಲ್ಲೇ ಕೂತು, ಮೂಸಿ ನೋಡಿ, ಕಿವಿಗಿಟ್ಟು ಕೇಳಿ, ಎಲ್ಲಿ ಕೆಟ್ಟಿದೆ ಅಂತ ಹೇಳುತ್ತಿದ್ದನು ಅಂತಾರೆ. ಜಟ್ಟಮ್ಮನೂ ಹಾಗೇ ಮೂಸುವುದು ಕಲಿತಳು.

ಅವಳ ಬಗ್ಗೆ ಏನೇನೋ ಹೇಳುತ್ತಾರೆ. ಕ್ಯಾಸೆಟ್ಟಿನ ಕಿವಿಯಲ್ಲಿ ಮಂತ್ರ ಊದುತ್ತಿದ್ದಳು ಅಂತಾರೆ. ನಾಯಿ ಅಗಿದು ಉಗುಳಿದ ಕ್ಯಾಸೆಟ್ಟನ್ನು ನಡೆಸಿದಳು ಅಂತಾರೆ. ಇರುವೆ ಗೂಡು ಕಟ್ಟಿದ್ದ ಕ್ಯಾಸೆಟ್ಟನ್ನು ಬಿಚ್ಚಿ, ಇರುವೆಗಳಿಗೆಲ್ಲ ಬೆಲ್ಲದ ಚೂರು ತೋರಿಸಿ ಒಂದೊಂದಾಗಿ ಹೊರಗೆ ಕರೆದಳು ಅಂತಾರೆ. ಅವಳು ಮುಟ್ಟಿದ ಕ್ಯಾಸೆಟ್ಟಿನಲ್ಲಿ ಸೋಲೇ ಬರುವುದಿಲ್ಲ ಅಂತಲೂ ಒಬ್ಬ ಹೇಳುತ್ತಿದ್ದ, ಅವನು ಎಲ್ಲರ ಹತ್ತಿರವೂ ಸೋಲುತ್ತಿದ್ದ. ನಾಯಿಯದ್ದು ನಿಜ, ನಮ್ಮ ದೊಡ್ಡಮ್ಮನ ಮನೆಯ ನಾಯಿಯೇ ಅದು. ಇರುವೆಯದ್ದು ನನಗೆ ಗೊತ್ತಿಲ್ಲ. ಮಂತ್ರದ್ದು ಮಾತ್ರ ಶುದ್ಧ ಸುಳ್ಳು. ಜಟ್ಟಮ್ಮ ಊದುತ್ತಲೇ ಇರಲಿಲ್ಲ. ಯಾರಾದರೂ ಊದಲು ಬಾಯಿ ಹತ್ತಿರ ತಂದರೆ ಕೈ ಅಡ್ಡ ಹಿಡಿಯುತ್ತಿದ್ದಳು. "ಊದಬೇಡ ಮಾರಾಯ. ಬಾಯಲ್ಲಿ ನೀರಿದೆ. ನಿನ್ನ ಉಸಿರಿಂದಲೇ ಅದು ಬೇಗ ಸಾಯುವುದು."

ಅವಳು ಮಾಡುತ್ತಿದ್ದದ್ದು ಇಷ್ಟೇ. ಕ್ಯಾಸೆಟ್ಟು ಕೈಗೆ ಬಂದ ಕೂಡಲೇ ಮೂಸುವಳು. "ನೋಡುವ" ಅನ್ನುವಳು. ಆಗುತ್ತದೆ ಅಂತಲೂ ಹೇಳುವುದಿಲ್ಲ, ಆಗುವುದಿಲ್ಲ ಅಂತಲೂ ಇಲ್ಲ, ನೋಡುವ. ತಿರುಪು ಬಿಚ್ಚಿ ಹೊಟ್ಟೆ ತೆರೆಯುವಳು. ಒಳಗೆ ಒಂದು ಹಸಿರು ಹಲಗೆ, ಹಲಗೆಯ ಮೇಲೆ ಕರಿ ಚಿಪ್ಪು, ಆಟವೆಲ್ಲ ಆ ಚಿಪ್ಪಿನೊಳಗೆ. ಹಲಗೆಯ ಅಂಚಿನ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜುವಳು. ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸುವಳು. ಬೆಸುಗೆ ಬಿಟ್ಟಲ್ಲಿ ಒಂದು ಹನಿ ಬೆಸುಗೆ. ಒಣಗಲು ಬಿಟ್ಟು, ಕೊಟ್ಟವರಿಗೆ ಕುಡಿಯಲು ಏನಾದರೂ ಕೊಟ್ಟು, ಅವರ ಮನೆಯ ಸುದ್ದಿ ಕೇಳುವಳು. ಅಷ್ಟರಲ್ಲಿ ಕ್ಯಾಸೆಟ್ಟು ಎದ್ದಿರುತ್ತಿತ್ತು.

ಅವಳದ್ದೇ ಅಂತ ಒಂದು ಕ್ಯಾಸೆಟ್ಟಿತ್ತು. ಈರಯ್ಯ ಕಣ್ಣಿರುವಾಗ ಕೊನೆಯದಾಗಿ ರಿಪೇರಿ ಮಾಡಿದ್ದು ಅದು. ಯಾರೋ ಕೊಟ್ಟು ಹೋದವರು ವಾಪಸು ಒಯ್ಯಲು ಬರಲೇ ಇಲ್ಲ. ಕಣ್ಣು ಹೋದ ಮೇಲೆ ಈರಯ್ಯ ದಿನಾ ಸಂಜೆ, "ಅದೊಂದು ಹಾಕೇ" ಅನ್ನುತ್ತಿದ್ದ. ಆಡಲಿಕ್ಕಲ್ಲ. ಆಟ ಶುರುವಾಗುವ ಮೊದಲು ಒಂದು ರಾಗ ಬರುತ್ತಿತ್ತು, ಅದನ್ನು ಕೇಳಲಿಕ್ಕೆ. ಹಕ್ಕಿ ಮೆಟ್ಟಿಲು ಹತ್ತಿದ ಹಾಗೆ ಟಿಣಿಟಿಣಿ ಅನ್ನುವ ಸಣ್ಣ ರಾಗ. ನೀರಿನ ಮೇಲೆ ಸದ್ದು ದೂರ ಹೋಗುತ್ತದೆ ನೋಡಿ, ಆ ರಾಗ ಊರಿಗೆಲ್ಲ ಕೇಳುತ್ತಿತ್ತು. ಕಡಲಿಂದ ಬರುವ ದೋಣಿಯವರಿಗೂ ಕೇಳುತ್ತಿತ್ತು. ಈರಯ್ಯ ತೀರಿಕೊಂಡ. ಜಟ್ಟಮ್ಮ ಮರುದಿನವೂ ಅದನ್ನು ಹಾಕಿದಳು, ಅದರ ಮರುದಿನವೂ ಹಾಕಿದಳು. ಊರ ಹೆಂಗಸರು ಆ ರಾಗ ಕೇಳಿ ದೀಪ ಹಚ್ಚುತ್ತಿದ್ದರು, ಒಲೆಗೆ ಅನ್ನ ಇಡುತ್ತಿದ್ದರು ಅಂತಾರೆ. ಜಟ್ಟಮ್ಮ ಮಾತ್ರ ಅದನ್ನು ಒಂದು ದಿನವೂ ಆಡಿದವಳಲ್ಲ.

ಈಗ ಬೊಮ್ಮಯ್ಯ ಮತ್ತು ಕುಪ್ಪಯ್ಯನ ಮಾತಿಗೆ ಬರುತ್ತೇನೆ.

ಇಬ್ಬರೂ ಒಂದೇ ದೋಣಿಯವರು. ಚಿಕ್ಕಂದಿನಿಂದ ಜತೆ. ಬೊಮ್ಮಯ್ಯ ಮಾತಿನ ಮಲ್ಲ, ಕುಪ್ಪಯ್ಯ ನಗೆಯವನು. ಬೊಮ್ಮಯ್ಯನ ಹೆಂಡತಿ ಮಾದೇವಿ, ಕುಪ್ಪಯ್ಯನ ಹೆಂಡತಿ ಹೊನ್ನಮ್ಮ. ಎರಡು ಮನೆಗೂ ನಡುವೆ ಬೇಲಿಯೇ ಇರಲಿಲ್ಲ. ಕುಪ್ಪಯ್ಯನ ಹತ್ತಿರ ಒಂದು ಕ್ಯಾಸೆಟ್ಟಿತ್ತು. ಇಬ್ಬರು ಕುಳ್ಳರು ಬೆಟ್ಟ ಹತ್ತುವ ಆಟ. ಒಬ್ಬನಿಗೆ ಕೆಂಪು ಟೊಪ್ಪಿ, ಒಬ್ಬನಿಗೆ ನೀಲಿ ಟೊಪ್ಪಿ. ಕಲ್ಲು ಎತ್ತರ ಇರುತ್ತಿತ್ತು. ಒಬ್ಬ ಬಗ್ಗಬೇಕು, ಇನ್ನೊಬ್ಬ ಅವನ ಬೆನ್ನಿನ ಮೇಲೆ ಕಾಲಿಟ್ಟು ಹತ್ತಬೇಕು, ಹತ್ತಿದವನು ಕೆಳಗಿನವನನ್ನು ಎಳೆದುಕೊಳ್ಳಬೇಕು. ಒಬ್ಬನೇ ಆಡಿದರೆ ಮೊದಲನೇ ಕಲ್ಲೂ ದಾಟುವುದಿಲ್ಲ. ಬೊಮ್ಮಯ್ಯನದ್ದು ಯಾವಾಗಲೂ ಕೆಂಪು, ಕುಪ್ಪಯ್ಯನದ್ದು ಯಾವಾಗಲೂ ನೀಲಿ. ಮಳೆಗಾಲವೆಲ್ಲ ಇಬ್ಬರೂ ಬೊಮ್ಮಯ್ಯನ ಮನೆಯಲ್ಲಿ ಕೂತು, "ಬಗ್ಗು, ಬಗ್ಗು ಅಂದೆ, ಹಾರು ಅಂದನಾ ನಾನು!" ಅಂತ ಕೂಗಾಡುವುದು ಬೀದಿಗೆಲ್ಲ ಕೇಳುತ್ತಿತ್ತು.

ಒಂದು ವರ್ಷ ಮಳೆ ಮುಗಿಯುತ್ತ ಬಂದಾಗ ಆ ಕ್ಯಾಸೆಟ್ಟು ನಿಂತುಹೋಯಿತು. ಅಷ್ಟರಲ್ಲಿ ದೋಣಿ ಇಳಿಸುವ ದಿನ ಬಂತು. ಬರುವಾಗ ದಿಬ್ಬಕ್ಕೆ ದೋಣಿ ತಾಗಿಸಿ ಜಟ್ಟಮ್ಮನ ಕೈಗೆ ಕೊಟ್ಟು ಬಂದರಾಯಿತು ಅಂತ ಕುಪ್ಪಯ್ಯ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡ. ಇಬ್ಬರೇ ಹೋದರು. ಕಡಲು ಶಾಂತವಾಗಿತ್ತು ಅಂತಾರೆ. ಆಮೇಲೆ ಎಲ್ಲಿಂದಲೋ ಗಾಳಿ ಎದ್ದಿತು. ಅವತ್ತು ಸಂಜೆ ಎಲ್ಲ ದೋಣಿಯೂ ಬಂತು, ಅವರದ್ದು ಬರಲಿಲ್ಲ.

ಎಷ್ಟೋ ಹೊತ್ತು ನೀರಲ್ಲಿದ್ದ ಬೊಮ್ಮಯ್ಯನನ್ನು ದೂರದ ಊರಿನ ದೋಣಿಯವರು ಎತ್ತಿ ತಂದರು. ಮೈಯೆಲ್ಲ ಬಿಸಿಲಿಗೆ ಸುಲಿದಿತ್ತು, ತುಟಿ ಒಡೆದಿತ್ತು. ಅಂಗಿಯೊಳಗೆ ಎದೆಗೆ ಒತ್ತಿ ಹಿಡಿದಿದ್ದ ಒಂದು ಪ್ಲಾಸ್ಟಿಕ್ ಪೊಟ್ಟಣವನ್ನು ಅವನು ಯಾರಿಗೂ ಬಿಡಿಸಲು ಬಿಡಲಿಲ್ಲ. ಕುಪ್ಪಯ್ಯ ಬರಲಿಲ್ಲ. ಹುಡುಕಲು ಹೋದವರಿಗೆ ದೋಣಿಯ ಒಂದು ಹಲಗೆ ಸಿಕ್ಕಿತು, ಅಷ್ಟೇ.

ಬೊಮ್ಮಯ್ಯನ ಮೈ ವಾಸಿಯಾಯಿತು. ಮಾತು ಬರಲಿಲ್ಲ. ಉಣ್ಣೆಂದರೆ ಉಂಡ, ಮಲಗೆಂದರೆ ಮಲಗಿದ. ಮಾತಿನ ಮಲ್ಲ ಆಗಿದ್ದವನ ಬಾಯಿಂದ ಒಂದು ಹೂಂ ಕೂಡ ಇಲ್ಲ.

ಹೊನ್ನಮ್ಮ ದಿನಾ ಬರುತ್ತಿದ್ದಳು. ಬಂದು ಎದುರು ಕೂತು ಕೇಳುತ್ತಿದ್ದಳು. "ಬೊಮ್ಮಣ್ಣ, ಅವ ಎಲ್ಲಿ? ನೀನು ಕಂಡಿಯಲ್ಲ, ಹೇಳು." ಬೊಮ್ಮಯ್ಯ ನೆಲ ನೋಡುತ್ತಿದ್ದ. ಹಿರಿಯರೆಲ್ಲ ಸೇರಿ, ಇನ್ನು ಕಾಯುವುದರಲ್ಲಿ ಅರ್ಥವಿಲ್ಲ, ಕಾರ್ಯ ಮಾಡಿ ಮುಗಿಸು ಅಂದರು. ಹೊನ್ನಮ್ಮ ಒಪ್ಪಲಿಲ್ಲ. ಹೆಣ ಸಿಕ್ಕಿಲ್ಲ. ಕಂಡವನು ಬಾಯಿ ಬಿಟ್ಟಿಲ್ಲ. ಇದ್ದಾನೋ ಇಲ್ಲವೋ ಅಂತ ಕಂಡವನ ಬಾಯಿಂದ ಕೇಳುವ ತನಕ ನಾನು ಬಳೆ ಒಡೆಯುವುದಿಲ್ಲ ಅಂದಳು. ದಿನಾ ಎರಡು ಬಟ್ಟಲಿಗೆ ಗಂಜಿ ಬಡಿಸಿದಳು. ಒಂದನ್ನು ಉಂಡಳು, ಒಂದನ್ನು ಮುಚ್ಚಿಟ್ಟಳು.

ದಿನ ಕಳೆದ ಹಾಗೆ ಅವಳ ದುಃಖ ಸಿಟ್ಟಾಯಿತು. ಬಿಟ್ಟು ಬಂದವನು ಏನು ಹೇಳಿಯಾನು ಅಂತ ಒಂದು ದಿನ ಬೀದಿಯಲ್ಲೇ ನಿಂತು ಅಂದಳು. ಆ ಮಾತು ಮಾದೇವಿಗೆ ಕೇಳಿತು. ಮಾದೇವಿಯೂ ಏನೋ ಅಂದಳು. ಮರುದಿನ ಎರಡು ಮನೆಯ ನಡುವೆ ಬೇಲಿ ಬಂತು. ತೆಂಗಿನ ಗರಿಯ ಬೇಲಿ, ಆಳೆತ್ತರ. ಯಾರು ಕಟ್ಟಿದ್ದು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಮಾದೇವಿ ಆ ಪೊಟ್ಟಣವನ್ನು ನೋಡುತ್ತಲೇ ಇದ್ದಳು. ಗಂಡ ಮಲಗುವಾಗ ತಲೆಯಡಿ ಇಟ್ಟುಕೊಳ್ಳುತ್ತಿದ್ದ, ಎದ್ದರೆ ಅಂಗಿಯೊಳಗೆ. ಅದೇನು ಅಂತ ಅವಳಿಗೆ ಗೊತ್ತಿತ್ತು. ಒಂದು ಬೆಳಿಗ್ಗೆ ಪಾತಿ ದೋಣಿ ಹತ್ತಿ ದಿಬ್ಬಕ್ಕೆ ಹೋಗಿ ಜಟ್ಟಮ್ಮನ ಹತ್ತಿರ ಎಲ್ಲ ಹೇಳಿದಳು. "ಅದು ನಡೆದರೆ ಇವರು ಮಾತಾಡಿಯಾರು ಅಂತ ನನ್ನ ಮನಸ್ಸು ಹೇಳುತ್ತದೆ ಜಟ್ಟಕ್ಕ. ಹುಚ್ಚು ಅನ್ನು ಬೇಕಾದರೆ."

ಜಟ್ಟಮ್ಮ ಹುಚ್ಚು ಅನ್ನಲಿಲ್ಲ. ಕ್ಯಾಸೆಟ್ಟಿಗಾಗಿ ಯಾರ ಮನೆಗೂ ಹೋಗದವಳು ಅವತ್ತು ಮಾದೇವಿಯ ದೋಣಿಯಲ್ಲೇ ಬಂದಳು. ಬೊಮ್ಮಯ್ಯನ ಎದುರು ಕೂತಳು. ಕೊಡು ಅನ್ನಲಿಲ್ಲ, ಏನಾಯಿತು ಅಂತ ಕೇಳಲಿಲ್ಲ. ಅಂಗೈ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೂತಳು. ಬಿಸಿಲು ಹೊಸಿಲು ದಾಟಿ ಒಳಗೆ ಬಂತು. ಮಾದೇವಿ ಒಲೆ ಹೊತ್ತಿಸಿದಳು, ಸಾರು ಕುದಿಯಿತು. ಜಟ್ಟಮ್ಮ ಕೂತೇ ಇದ್ದಳು. ಕಡೆಗೆ ಬೊಮ್ಮಯ್ಯ ಅಂಗಿಯೊಳಗೆ ಕೈ ಹಾಕಿ, ಪೊಟ್ಟಣ ತೆಗೆದು ಅವಳ ಅಂಗೈ ಮೇಲಿಟ್ಟ. ಇಟ್ಟವನು ಕೈ ಹಿಂದಕ್ಕೆ ತೆಗೆಯಲಿಲ್ಲ, ಸ್ವಲ್ಪ ಹೊತ್ತು ಹಾಗೇ ಇತ್ತು. ಜಟ್ಟಮ್ಮ ಕಾದಳು. ಆಮೇಲೆ ಮೂಸಿದಳು.

"ನೋಡುವ" ಅಂದಳು.

ದಿಬ್ಬಕ್ಕೆ ಒಯ್ದು ಬಿಚ್ಚಿ ನೋಡಿದರೆ ಪ್ಲಾಸ್ಟಿಕ್ಕಿನೊಳಗೆ ಕಡಲು ನುಗ್ಗಿತ್ತು. ಡಬ್ಬಿ ಅಲುಗಿಸಿದರೆ ಉಪ್ಪು ಸರಸರ ಅನ್ನುತ್ತಿತ್ತು. ಜಟ್ಟಮ್ಮ ಮೊದಲು ಮಾಡಿದ ಕೆಲಸ ನೋಡಿ ಜತೆಗೆ ಹೋದ ಮಾದೇವಿ ಕಿರುಚಿಕೊಂಡಳಂತೆ. ಅದನ್ನು ತೆಗೆದುಕೊಂಡು ಹೋಗಿ ನೀರಿಗೆ ಹಾಕಿಬಿಟ್ಟಳು! ಮೊದಲ ಮಳೆಗೆ ಮನೆಯ ಮಾಡಿನ ಹಂಚು ಚೆನ್ನಾಗಿ ತೊಳೆದುಹೋದ ಮೇಲೆ ಹಿಡಿದಿಟ್ಟ ಮಳೆನೀರು ಅವಳ ಹತ್ತಿರ ಮಡಕೆಯಲ್ಲಿ ಇರುತ್ತಿತ್ತು. ಬಾವಿಯ ನೀರಲ್ಲೂ ಉಪ್ಪಿನ ರುಚಿ ಇರುವ ಊರು ಅದು, ಮಳೆನೀರೊಂದೇ ಚೊಕ್ಕ. "ನೀರು ಅದನ್ನು ಕೊಂದದ್ದಲ್ಲ ಮಾದೇವಿ. ಉಪ್ಪು. ಉಪ್ಪು ಹೋಗುವ ತನಕ ತೊಳೆಯಲೇಬೇಕು." ನೀರು ಬದಲಿಸಿದಳು, ಅದ್ದಿದಳು, ಮತ್ತೆ ಬದಲಿಸಿದಳು. ಹಸುಗೂಸಿಗೆ ಎರೆದ ಹಾಗೆ ಎರೆದಳು ಅಂತಾರೆ. ಆಮೇಲೆ ಬೆಚ್ಚಗಿನ ಬೂದಿಯ ಮೇಲೆ ಬಟ್ಟೆ ಹಾಸಿ ಒಣಗಿಸಿದಳು.

ಒಣಗಿದ ಮೇಲೆ ನೋಡಿದರೆ ಕರಿ ಚಿಪ್ಪು ಗಟ್ಟಿಯಾಗಿತ್ತು. ಹಲಗೆ ಮಾತ್ರ ಹೋಗಿತ್ತು. ಅಂಚಿನ ಹಲ್ಲುಗಳು ರಬ್ಬರು ತಾಗಿಸಿದರೆ ಹಪ್ಪಳದ ಹಾಗೆ ಉದುರಿದವು. ಆಟ ಇರುವುದು ಚಿಪ್ಪಿನಲ್ಲಿ, ನಿಜ. ಆದರೆ ಹಲಗೆಯಿಲ್ಲದೆ ಅದು ಪೆಟ್ಟಿಗೆಯ ತನಕ ಬರುವುದು ಹೇಗೆ? ಅದೇ ಜಾತಿಯ ಇನ್ನೊಂದು ಹಲಗೆ ಬೇಕು. ಜಟ್ಟಮ್ಮ ಊರಿನ ಮನೆಮನೆಯ ಕ್ಯಾಸೆಟ್ಟು ತರಿಸಿ ಬಿಚ್ಚಿ ನೋಡಿದಳು. ಒಂದರಲ್ಲಿ ಚಿಪ್ಪಿನ ಕಾಲು ಹೆಚ್ಚು, ಒಂದರಲ್ಲಿ ಕಡಿಮೆ, ಒಂದರಲ್ಲಿ ಚಿಪ್ಪೇ ಇಲ್ಲ, ಬರೀ ಡಾಂಬರಿನಂಥ ಗುಂಡು. ಯಾವುದೂ ಕೂಡಲಿಲ್ಲ. ಕೂಡುವುದು ಒಂದೇ ಒಂದಿತ್ತು. ಅದು ಎಲ್ಲಿದೆ ಅಂತ ಅವಳಿಗೆ ಮೊದಲ ದಿನದಿಂದಲೇ ಗೊತ್ತಿತ್ತು ಅಂತ ನಮ್ಮ ದೊಡ್ಡಮ್ಮ ಹೇಳುತ್ತಿದ್ದಳು. ಗೊತ್ತಿದ್ದೂ ಬೇರೆಲ್ಲ ಹುಡುಕಿದಳು. ಮನುಷ್ಯಳೇ ಅಲ್ಲವಾ ಅವಳೂ.

ಹುಡುಕಿ ಮುಗಿದ ದಿನ ಸಂಜೆ ಕಡಲಿಂದ ದೋಣಿಗಳು ಬಂದವು. ಹೊತ್ತು ಮುಳುಗಿತು. ದಿಬ್ಬದ ಕಡೆಯಿಂದ ಟಿಣಿಟಿಣಿ ಕೇಳಲಿಲ್ಲ.

ಊರೇ ತಡವರಿಸಿತು ಅಂತಾರೆ. ಹೆಂಗಸರು ಬೆಂಕಿಪೊಟ್ಟಣ ಹಿಡಿದುಕೊಂಡು ಅಂಗಳದಲ್ಲಿ ನಿಂತೇ ಇದ್ದರು. ಒಬ್ಬರ ಮುಖ ಒಬ್ಬರು ನೋಡಿದರು. ಜಟ್ಟಮ್ಮನಿಗೆ ಏನೋ ಆಯಿತು ಅಂತ ನಾಲ್ಕಾರು ಜನ ದೋಣಿ ಹತ್ತಿ ಹೋದರು. ಹೋಗಿ ನೋಡಿದರೆ ಜಟ್ಟಮ್ಮ ಬಾಗಿಲಲ್ಲೇ ನಿಂತಿದ್ದಾಳೆ, ಕೈಯಲ್ಲಿ ಬಿಸಿ ಬೆಸುಗೆ ಕಡ್ಡಿ. "ಇದ್ದೇನೆ, ಇದ್ದೇನೆ. ಹೋಗಿ ದೀಪ ಹಚ್ಚಿ" ಅಂದಳಂತೆ. ಅವಳ ಹಿಂದೆ ಚಾಪೆಯ ಮೇಲೆ ಈರಯ್ಯನ ಕ್ಯಾಸೆಟ್ಟು ಹೊಟ್ಟೆ ತೆರೆದು ಮಲಗಿತ್ತು. ಅದರ ಚಿಪ್ಪನ್ನು ಕಿತ್ತು ಹತ್ತಿಯಲ್ಲಿ ಸುತ್ತಿ ಬದಿಗಿಟ್ಟಿದ್ದಳು. ಅದರ ಹಲಗೆಯ ಮೇಲೆ ಕುಪ್ಪಯ್ಯನ ಕ್ಯಾಸೆಟ್ಟಿನ ಚಿಪ್ಪು ಕೂತಿತ್ತು. ಅತ್ತಿದ್ದಳಾ ಅಂತ ನಾನು ದೊಡ್ಡಮ್ಮನನ್ನು ಕೇಳಿದ್ದೆ. ಹೋದವರ ಪೈಕಿ ಅವಳೂ ಒಬ್ಬಳು. "ಮೂಗು ಕೆಂಪಾಗಿತ್ತು. ಬೆಸುಗೆಯ ಹೊಗೆಗೂ ಆಗುತ್ತದೆ ಅದು" ಅಂದಳು.

ಮರುದಿನ ಬೆಳಿಗ್ಗೆ ಕ್ಯಾಸೆಟ್ಟು ಬೊಮ್ಮಯ್ಯನ ಮನೆಗೆ ಬಂತು. ಸುದ್ದಿ ಹಬ್ಬಿ ಅರ್ಧ ಊರು ಅಂಗಳದಲ್ಲಿ ಸೇರಿತ್ತು. ಮಾದೇವಿ ಟೀವಿಯ ಮೇಲಿನ ಬಟ್ಟೆ ತೆಗೆದಳು. ಜಟ್ಟಮ್ಮ ಕ್ಯಾಸೆಟ್ಟು ಕೂರಿಸಿ ಗುಂಡಿ ಒತ್ತಿದಳು. ಬಿಳಿ. ತೆಗೆದಳು, ಒರೆಸಿದಳು, ಕೂರಿಸಿದಳು. ಮತ್ತೆ ಬಿಳಿ. ಅಂಗಳದಿಂದ ಯಾರೋ, "ಒಂದು ಸಲ ಊದೇ" ಅಂದರು. ಜಟ್ಟಮ್ಮ ತಿರುಗಿ ನೋಡಿದ್ದಕ್ಕೆ ಸುಮ್ಮನಾದರು. ಅವಳು ಕ್ಯಾಸೆಟ್ಟನ್ನು ಕೂದಲೆಳೆಯಷ್ಟು ಓರೆ ಮಾಡಿ ಒತ್ತಿದಳು. ಟೀವಿಯ ತುಂಬ ಚಿಂದಿ ಚಿಂದಿ ಬಣ್ಣ ಬಂತು. ಬಣ್ಣ ಸರಿದು ಬೆಟ್ಟ ಬಂತು. ಬೆಟ್ಟದ ಬುಡದಲ್ಲಿ ಕೆಂಪು ಟೊಪ್ಪಿ, ನೀಲಿ ಟೊಪ್ಪಿ.

ಬೊಮ್ಮಯ್ಯ ಗೋಡೆಯಿಂದ ಬೆನ್ನು ಬಿಟ್ಟು ಮುಂದೆ ಬಂದ. ಜಾಯ್‌ಸ್ಟಿಕ್ ಎತ್ತಿಕೊಂಡ. ಕೆಂಪು ಟೊಪ್ಪಿಯವನು ನಡೆದ, ಮೊದಲನೇ ಕಲ್ಲಿನ ಹತ್ತಿರ ಹೋದ, ನಿಂತ. ನೀಲಿ ಟೊಪ್ಪಿಯವನು ಇದ್ದಲ್ಲೇ ಇದ್ದ. ಬೊಮ್ಮಯ್ಯ ಕಾದ. ಎರಡನೇ ಜಾಯ್‌ಸ್ಟಿಕ್ ಚಾಪೆಯ ಮೇಲೆ ಬಿದ್ದಿತ್ತು. ಯಾರೂ ಮುಟ್ಟಲಿಲ್ಲ. ಮಾದೇವಿ ಕೈ ಹಾಕಿದಳು, ಬೊಮ್ಮಯ್ಯ ಮುಖ ತಿರುಗಿಸಿದ. ಮಾದೇವಿ ಅದನ್ನು ಮೆಲ್ಲಗೆ ಕೆಳಗಿಟ್ಟಳು.

ಜಟ್ಟಮ್ಮ ಎದ್ದು ಹೊರಗೆ ಹೋದಳು. ಬೇಲಿ ಸುತ್ತಿ ಹೊನ್ನಮ್ಮನ ಮನೆ ಬಾಗಿಲಲ್ಲಿ ನಿಂತಳು.

"ಬಾ ಹೊನ್ನಿ. ಅಲ್ಲಿ ಕುಪ್ಪನ ಜಾಗ ಖಾಲಿ ಇದೆ."

"ನಾನೆಂತಕೆ ಬರಲಿ? ಅವನ ಜತೆ ಆಟ ಆಡಲಿಕ್ಕಾ? ನನ್ನ ಗಂಡನನ್ನು ನೀರಲ್ಲಿ ಬಿಟ್ಟು ಬಂದವನ ಜತೆ?"

"ಹಾಗಾದರೆ ಬೈಯಲಿಕ್ಕೆ ಬಾ. ಬೇಲಿಯ ಈಚೆಯಿಂದ ಬೈದರೆ ಅರ್ಧ ಕೇಳುವುದಿಲ್ಲ."

ಹೊನ್ನಮ್ಮ ಬಂದಳು. ಬೈಯಲಿಕ್ಕೇ ಬಂದಳು ಅಂತಾರೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಜನ ದಾರಿ ಬಿಟ್ಟರು. ಬಾಗಿಲಲ್ಲಿ ನಿಂತು ಬಾಯಿ ತೆರೆದವಳಿಗೆ ಟೀವಿ ಕಂಡಿತು. ನೀಲಿ ಟೊಪ್ಪಿಯ ಕುಳ್ಳ ಬೆಟ್ಟದ ಬುಡದಲ್ಲಿ ಒಬ್ಬನೇ ನಿಂತಿದ್ದಾನೆ. ಎಷ್ಟು ಮಳೆಗಾಲ ಊಟಕ್ಕೆ ಕರೆಯಲು ಬಂದು ಇದೇ ಬಾಗಿಲಲ್ಲಿ ನಿಂತು, ಇದೇ ಕುಳ್ಳನನ್ನು ನೋಡಿ ಬೈದಿದ್ದಳೋ ಅವಳು. ಅವಳ ಬಾಯಿ ಮುಚ್ಚಿತು. ಒಳಗೆ ಬಂದು ಬೊಮ್ಮಯ್ಯನ ಪಕ್ಕ ಕೂತಳು. ಎರಡನೇ ಜಾಯ್‌ಸ್ಟಿಕ್ ತೆಗೆದುಕೊಂಡಳು.

ಅವಳಿಗೆ ಆಟ ಬರುತ್ತಿರಲಿಲ್ಲ. ಯಾವುದೋ ಗುಂಡಿ ಒತ್ತಿದಳು. ನೀಲಿ ಟೊಪ್ಪಿಯವನು ಹಾರಿ ಹೊಂಡಕ್ಕೆ ಬಿದ್ದ. ಮತ್ತೆ ಬಂದ. ಮತ್ತೆ ಹಾರಿದ, ಮತ್ತೆ ಬಿದ್ದ. ಬೊಮ್ಮಯ್ಯನ ಕುತ್ತಿಗೆಯ ನರ ಉಬ್ಬಿತು. ಅವಳು ಮತ್ತೆ ಅದೇ ಗುಂಡಿಗೆ ಬೆರಳು ಇಟ್ಟಳು.

"ಬಗ್ಗು" ಅಂದ ಬೊಮ್ಮಯ್ಯ.

ತುಕ್ಕು ಹಿಡಿದ ಬಾಗಿಲು ತೆರೆದ ಹಾಗಿತ್ತಂತೆ ಆ ದನಿ. ಮಾದೇವಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಬಗ್ಗು. ಕೆಳಗಿನ ಗುಂಡಿ. ಹಾರಬೇಡ."

ಹೊನ್ನಮ್ಮ ಕೆಳಗಿನ ಗುಂಡಿ ಒತ್ತಿದಳು. ನೀಲಿ ಟೊಪ್ಪಿಯವನು ಬಗ್ಗಿದ. ಕೆಂಪು ಟೊಪ್ಪಿಯವನು ಅವನ ಬೆನ್ನೇರಿ ಕಲ್ಲು ಹತ್ತಿದ. ಹತ್ತಿ, ತಿರುಗಿ, ಅವನನ್ನು ಎಳೆದುಕೊಂಡ. ಎರಡನೇ ಕಲ್ಲು. ಟೀವಿಯಿಂದ ಕಣ್ಣು ತೆಗೆಯದೆ ಹೊನ್ನಮ್ಮ ಕೇಳಿದಳು. "ಅವ ಎಲ್ಲಿ ಬೊಮ್ಮಣ್ಣ?"

ಬೊಮ್ಮಯ್ಯನೂ ಟೀವಿಯಿಂದ ಕಣ್ಣು ತೆಗೆಯಲಿಲ್ಲ. ಹಾಗೇ ಹೇಳಿದ. ದೋಣಿ ಮಗುಚುವಾಗ ಮರದ ತೊಲೆ ಕುಪ್ಪಯ್ಯನ ಪಕ್ಕೆಗೆ ಬಡಿದಿತ್ತು. ಇಬ್ಬರೂ ಒಂದೇ ಹಲಗೆ ಹಿಡಿದಿದ್ದರು. ಇಡೀ ರಾತ್ರಿ ಹಿಡಿದಿದ್ದರು. ಬೆಳಗಾಗುವಾಗ ಕುಪ್ಪಯ್ಯನ ಕೈ ಜಾರತೊಡಗಿತು. ಬೊಮ್ಮಯ್ಯ ಅವನ ರಟ್ಟೆ ಹಿಡಿದುಕೊಂಡಿದ್ದ. ಕುಪ್ಪಯ್ಯ ಸೊಂಟದ ಪೊಟ್ಟಣ ಬಿಚ್ಚಿ ಇವನ ಅಂಗಿಯೊಳಗೆ ತುರುಕಿದ. ಜಟ್ಟಮ್ಮನಿಗೆ ಕೊಡು, ಮರೀಬೇಡ ಅಂದ, ನಕ್ಕ ಕೂಡ. ಆಮೇಲೆ ಇನ್ನೊಂದು ಮಾತು ಹೇಳಿದ. ಅಷ್ಟರಲ್ಲಿ ತೆರೆ ಬಂತು. ತೆರೆ ಹೋದಾಗ ಬೊಮ್ಮಯ್ಯನ ಕೈ ಮುಚ್ಚಿಯೇ ಇತ್ತು, ಒಳಗೆ ಏನೂ ಇರಲಿಲ್ಲ.

"ಎಂತ ಹೇಳಿದ?"

ಕೆಂಪು ಟೊಪ್ಪಿಯವನು ಕಲ್ಲಿನ ಮೇಲೆ ನಿಂತುಬಿಟ್ಟ.

"ಹೊನ್ನಿಗೆ ಕಾಯಬೇಡ ಅಂತ ಹೇಳು ಅಂದ." ಬೊಮ್ಮಯ್ಯ ಆಗ ಅವಳ ಕಡೆ ತಿರುಗಿದ. "ಅದನ್ನು ಹೇಗೆ ಹೇಳಲಿ ನಾನು? ಹೇಳಿದರೆ ಅವ ಸತ್ತ ಹಾಗೆ. ನಾನು ಬಾಯಿ ಬಿಡುವ ತನಕ ನಿನ್ನ ಮನೆಯಲ್ಲಿ ಅವನಿಗೆ ಗಂಜಿ ಬಡಿಸುತ್ತೀ ಅಂತ ನನಗೆ ಗೊತ್ತಿತ್ತು. ಬಾಯಿ ಬಿಟ್ಟರೆ ಅವ ಮತ್ತೆ ಕೈಯಿಂದ ಜಾರಿಬಿಡುತ್ತಾನೆ ಅಂತ..."

ಹೊನ್ನಮ್ಮ ಜಾಯ್‌ಸ್ಟಿಕ್ ಹಿಡಿದುಕೊಂಡೇ ಕೂತಿದ್ದಳು. ಹಾಗೇ ಕೇಳಿದಳು.

"ಹಸಿದಿದ್ದನಾ?"

"ಇಲ್ಲ. ನೀನು ಕಟ್ಟಿಕೊಟ್ಟ ರೊಟ್ಟಿ ಪೂರ ತಿಂದಿದ್ದ. ನನ್ನದರಲ್ಲೂ ಅರ್ಧ ತಿಂದಿದ್ದ."

ಆಗ ಹೊನ್ನಮ್ಮ ಅತ್ತಳು. ಅಷ್ಟು ದಿನದ ಅಳು ಅದು. ಮಾದೇವಿ ಬಂದು ಅವಳನ್ನು ತಬ್ಬಿ ಹಿಡಿದುಕೊಂಡಳು. ಆ ಗಲಾಟೆಯಲ್ಲಿ ಜಟ್ಟಮ್ಮ ಯಾವಾಗ ಎದ್ದು ಹೋದಳೋ ಯಾರೂ ನೋಡಲಿಲ್ಲ.

ಕುಪ್ಪಯ್ಯನ ಕಾರ್ಯ ನಡೆಯಿತು. ಮಾಡಿದವನು ಬೊಮ್ಮಯ್ಯನೇ. ಬೇಲಿಯ ಗರಿ ಆ ದಿನದ ಅಡುಗೆಯ ಒಲೆಗೆ ಹೋಯಿತು. ಬೊಮ್ಮಯ್ಯ ಮೊದಲಿನಷ್ಟು ಮಾತಿನವನಾಗಲಿಲ್ಲ, ಆದರೆ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಕಡಲಿಗೂ ಹೋದ, ತಡವಾಗಿ, ಆದರೂ ಹೋದ. ಮಳೆಗಾಲದಲ್ಲಿ ಹೊನ್ನಮ್ಮ ಬಂದು ನೀಲಿ ಟೊಪ್ಪಿ ಹಿಡಿಯುತ್ತಿದ್ದಳು. ಗಂಡನಿಗಿಂತ ಚೆನ್ನಾಗಿ ಆಡಿದಳು ಅಂತಾರೆ, ಬೊಮ್ಮಯ್ಯ ಮಾತ್ರ ಕೊನೆಯ ತನಕ ಅದನ್ನು ಒಪ್ಪಲಿಲ್ಲ. ಅಪ್ಪನ ಕ್ಯಾಸೆಟ್ಟಿನ ಆ ಹಲಗೆಯನ್ನು ಜಟ್ಟಮ್ಮ ವಾಪಸು ಕೇಳಲಿಲ್ಲ. ಇವರು ಕೊಡಲು ಹೋದಾಗ, "ನಡೆಯುವುದನ್ನು ಎಂತಕೆ ಬಿಚ್ಚುವುದು?" ಅಂದಳಂತೆ. ಸಂಜೆ ಹೊತ್ತಲ್ಲಿ ಊರವರೇ ದೋಣಿ ಹತ್ತಿ ಅವಳ ಮನೆಗೆ ಹೋಗಿ ಕೂರುವುದು ಶುರುವಾಯಿತು. ಒಬ್ಬರಲ್ಲ ಒಬ್ಬರು ಹೋಗುತ್ತಿದ್ದರು. ಈರಯ್ಯ ಹೋದ ಮೇಲೆ ಆ ಮನೆಯಲ್ಲಿ ಅಷ್ಟು ಮಾತು ಕೇಳಿದ್ದು ಆಗಲೇ.

ಜಟ್ಟಮ್ಮ ಹಣ್ಣಾಗಿ ಹೋದಳು. ಆ ಮರಳ ದಿಬ್ಬವೂ ಯಾವುದೋ ಮಳೆಗಾಲದಲ್ಲಿ ಕಡಲಿಗೆ ಹೋಯಿತು. ಆ ಪೆಟ್ಟಿಗೆಗಳು, ಆ ಟೀವಿಗಳು ಈಗ ಯಾರ ಮನೆಯಲ್ಲೂ ಇಲ್ಲ.

ಆದರೆ ನಮ್ಮ ಕರಿಬೇಲೆಯಲ್ಲಿ ಇವತ್ತಿಗೂ ಒಂದು ರೂಢಿ ಇದೆ. ದೋಣಿ ದಡ ಹತ್ತಿದ ಮೇಲೆ ಒಂದು ದಿನ ಗೊತ್ತು ಮಾಡಿ, ಎಲ್ಲ ಮನೆಯವರೂ ನಿಂತುಹೋದ ಒಂದೊಂದು ವಸ್ತು ತಂದು ದೋಣಿಮನೆಯ ಚಾಪೆಯ ಮೇಲೆ ಇಡುತ್ತಾರೆ. ಜಟ್ಟಮ್ಮನ ದಿನ ಅನ್ನುತ್ತಾರೆ. ತನ್ನದನ್ನು ತಾನೇ ಬಿಚ್ಚುವ ಹಾಗಿಲ್ಲ. ಕಣ್ಣು ಮುಚ್ಚಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳಬೇಕು, ಅದು ಯಾರದ್ದೋ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಚ್ಚಬೇಕು. ಸರಿಯಾದರೆ ಸರಿ, ಆಗದಿದ್ದರೂ ಸಂಜೆಯ ತನಕ ಏಳುವ ಹಾಗಿಲ್ಲ.

ಹೋದ ವರ್ಷ ನನ್ನ ಕೈಗೆ ಬಂದದ್ದು ಆಚೆಮನೆ ಸುಬ್ಬಿಯ ಮಿಕ್ಸಿ. ನನಗೂ ಅವಳಿಗೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು, ಯಾಕೆ ಬಿಟ್ಟೆವೋ ಅದೂ ಸರಿಯಾಗಿ ನೆನಪಿಲ್ಲ. ಅವಳು ಮುಖ ಊದಿಸಿಕೊಂಡು ಬಂದು ಪಕ್ಕದಲ್ಲಿ ಕೂತಳು. ಮಿಕ್ಸಿಯ ತಿರುಪು ಬಿಚ್ಚುವಾಗ ಒಂದು ಉರುಳಿ ಎಲ್ಲೋ ಹೋಯಿತು. ನನ್ನ ಕಣ್ಣು ಮಂಜು, ನೆಲ ತಡವುತ್ತಿದ್ದೆ. ಅವಳೂ ತಡವತೊಡಗಿದಳು. ಅವಳಿಗೇ ಸಿಕ್ಕಿತು. ನನ್ನ ಕೈ ಹಿಡಿದು, ಅಂಗೈ ಬಿಡಿಸಿ, ಅದರಲ್ಲಿ ತಿರುಪು ಇಟ್ಟು, "ಹಿಡಿ, ಮತ್ತೆ ಬೀಳಿಸಬೇಡ" ಅಂದಳು.

ಮಿಕ್ಸಿ ಇನ್ನೂ ಸರಿಯಾಗಿಲ್ಲ. ಈ ವರ್ಷ ಮತ್ತೆ ತರುತ್ತಾಳಂತೆ. ಅಲ್ಲಿಯ ತನಕ ಅವಳ ಮನೆಯ ಮಸಾಲೆ ನಮ್ಮ ಮನೆಯಲ್ಲೇ ಅರೆಯುವುದು.